ಮೋಟು ಹೋಗುವ ದಾರಿ

ಶನಿವಾರ ಬೆಳಗಿನ ಆರೂಕಾಲು. ನೀವು ಬನಶಂಕರಿ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯ ಪಕ್ಕ ನಿಂತಿದ್ದೀರಿ. ರಾತ್ರಿ ನಾಲ್ಕು ಹನಿ ಬಿದ್ದಿರಬೇಕು, ಫುಟ್‌ಪಾತಿನ ಕಲ್ಲು ಇನ್ನೂ ತೇವವಾಗಿದೆ. ಕನಕಪುರ ರಸ್ತೆಯ ಕಡೆಯಿಂದ ಬಂದ ಟೆಂಪೊದಿಂದ ಸೊಪ್ಪಿನ ಕಟ್ಟುಗಳನ್ನು ಇಳಿಸುತ್ತಿದ್ದಾರೆ. ಮೆಟ್ರೊ ಕಂಬದ ಬುಡದಲ್ಲಿ ನಾಯಿಯೊಂದು ಮೈಮುರಿಯುತ್ತಿದೆ. ರಾತ್ರಿ ಪಾಳಿ ಮುಗಿಸಿದ ಕ್ಯಾಬ್ ಚಾಲಕನೊಬ್ಬ ಬಂದು, "ಅಣ್ಣ, ಒಂದ್ ಟೀ, ಒಂದ್ ಕಿಂಗು" ಎನ್ನುತ್ತಾನೆ.

ಅಂಗಡಿಯವರು ತಲೆ ಎತ್ತದೆಯೇ ಪ್ಯಾಕಿನಿಂದ ಒಂದು ಸಿಗರೇಟು ಎಳೆದು ಕೊಡುತ್ತಾರೆ. ಬಾಗಿಲ ಚೌಕಟ್ಟಿನಿಂದ ದಾರದಲ್ಲಿ ಲೈಟರ್ ಇಳಿಬಿಟ್ಟಿದೆ. ಸಿಗರೇಟನ್ನು ಬಿಡಿಯಾಗಿ ಮಾರಬಾರದೆಂದು ರಾಜ್ಯ ಸರ್ಕಾರ 2017ರಲ್ಲಿ ಆದೇಶ ಹೊರಡಿಸಿತ್ತು. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದ ರಾಜ್ಯದ ತಿದ್ದುಪಡಿ ಕಾಯ್ದೆ ಅದನ್ನೇ ಮತ್ತೊಮ್ಮೆ ಹೇಳಿತು. ಕೊಳ್ಳುವವರ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ, ಸಾರ್ವಜನಿಕ ಸ್ಥಳದಲ್ಲಿ ಸೇದುವುದಕ್ಕೆ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು. ಬಿಡಿ ಮಾರಾಟ ಯಾಕೆ ಕೂಡದು ಎಂಬುದು ಈ ಅಂಗಡಿಯ ಮುಂದೆ ನಿಂತರೆ ತಾನಾಗಿ ಗೊತ್ತಾಗುತ್ತದೆ. ಪ್ಯಾಕಿನ ಶೇ 85ರಷ್ಟು ಜಾಗದಲ್ಲಿ ಅಚ್ಚಾದ ಹುಣ್ಣಿನ ಚಿತ್ರ ಅಂಗಡಿಯವರ ಕಡೆಗೇ ಉಳಿಯಿತು. ಚಾಲಕನ ಕೈಗೆ ಬಂದದ್ದು ಬೆಳ್ಳಗಿನ ಒಂದು ಕಡ್ಡಿ ಮಾತ್ರ.

ಅವನು ಸೇದುತ್ತಾನೆ. ನೀವು ಹೊಗೆ ನೋಡಬೇಡಿ, ಅವನ ಬೆರಳು ನೋಡಿ. ಕೊನೆಯ ದಮ್ಮು ಎಳೆದು, ಹೆಬ್ಬೆರಳಿಗೆ ತೋರುಬೆರಳು ಕೊಟ್ಟು ಚಿಮ್ಮುತ್ತಾನೆ. ಬೆಂಕಿಯ ಚುಕ್ಕೆಯೊಂದು ಕಮಾನಿನಂತೆ ಹಾರಿ ರಸ್ತೆಯಂಚಿನ ನೀರಿಗೆ ಬಿದ್ದು ಚುಯ್ ಎನ್ನುತ್ತದೆ. ಅವನ ಮಟ್ಟಿಗೆ ಸಿಗರೇಟು ಮುಗಿಯಿತು. ನಾವು ಇಷ್ಟು ಬೇಗ ಎದ್ದು ಬಂದಿರುವುದು ಅಲ್ಲಿಂದ ಮುಂದಿನದನ್ನು ನೋಡುವುದಕ್ಕೆ.

ಚೀಲದಿಂದ ಇಕ್ಕಳ ತೆಗೆಯಿರಿ. ಆ ಮೋಟನ್ನು ಎತ್ತಿ, ಮಡಿಲಲ್ಲಿ ಬಿಳಿ ಹಾಳೆ ಹಾಸಿ ಇಡಿ. ತುದಿಯಲ್ಲಿ ಅರ್ಧ ಸೆಂಟಿಮೀಟರಿನಷ್ಟು ಸುಡದ ಹೊಗೆಸೊಪ್ಪು ಉಳಿದಿದೆ, ಒದ್ದೆಯಾಗಿ ಕಪ್ಪಗಾಗಿದೆ. ಅದರ ಹಿಂದೆ ಕಿತ್ತಳೆ ಬಣ್ಣದ ಪಟ್ಟಿ, ಅದರ ಮೇಲೆ ಕಾರ್ಕ್ ತೊಗಟೆಯ ಚುಕ್ಕೆಗಳನ್ನು ಮುದ್ರಿಸಿದ್ದಾರೆ. ಪಟ್ಟಿಯನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಸೂಜಿಯ ಮೊನೆಗಿಂತ ಸಣ್ಣ ತೂತುಗಳ ಒಂದು ಸಾಲು ಕಾಣುತ್ತದೆ. ಈಗ ಬ್ಲೇಡಿನಲ್ಲಿ ಒಳಗಿನ ಫಿಲ್ಟರನ್ನು ಉದ್ದಕ್ಕೆ ಸೀಳಿ. ಬಾಯಿಯ ಕಡೆ ತಿಳಿಹಳದಿ, ಬೆಂಕಿಯ ಕಡೆ ಗಾಢ ಕಂದು. ಉಗುರಿನಲ್ಲಿ ಎಳೆದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಹತ್ತಿಯೇ ಅನ್ನಿಸುತ್ತದೆ. ಹತ್ತಿಯಲ್ಲ, ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಮರದ ತಿರುಳಿನಿಂದ ಶುರುಮಾಡಿ, ರಾಸಾಯನಿಕ ಕ್ರಿಯೆಗೆ ಒಳಪಡಿಸಿ, ಕೂದಲೆಳೆಗಿಂತ ತೆಳ್ಳಗೆ ನೂತು, ಒಂದು ಫಿಲ್ಟರಿಗೆ 12,000ಕ್ಕೂ ಹೆಚ್ಚು ಎಳೆಗಳನ್ನು ಒತ್ತಿ ತುಂಬಿರುತ್ತಾರೆ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಹತ್ತಿಯನ್ನು ತಿಂದು ಮುಗಿಸುವುದು ಗೊತ್ತು. ಈ ಬದಲಾದ ಎಳೆಯ ಮುಂದೆ ಅವು ತಡವರಿಸುತ್ತವೆ. ಇಟಲಿಯ ನೇಪಲ್ಸ್‌ನ ಸಂಶೋಧಕರು ಮೋಟುಗಳನ್ನು ಬಲೆಯ ಚೀಲದಲ್ಲಿ ಕಟ್ಟಿ ವರ್ಷಗಟ್ಟಲೆ ಕಾದು ತೂಗಿದರು. ಎರಡು ವರ್ಷ ಕಳೆದರೂ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಷ್ಟೇ ಕರಗಿತ್ತು.

ಆ ಕಂದು ಬಣ್ಣವೇ ನಮ್ಮ ವಿಷಯ. ನಿಕೋಟಿನ್, ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್, ಡಾಂಬರಿನಲ್ಲಿರುವಂಥ ಹೈಡ್ರೊಕಾರ್ಬನ್‌ಗಳು: ಹೊಗೆಯಲ್ಲಿದ್ದದ್ದರ ಒಂದು ಪಾಲು ಇಲ್ಲಿ ಸಿಕ್ಕಿಹಾಕಿಕೊಂಡಿದೆ. ಹಾಗಾದರೆ ಸೇದುವವನು ಅಷ್ಟರಮಟ್ಟಿಗೆ ಬಚಾವಾದ ತಾನೇ ಎಂದು ನೀವು ಕೇಳಬಹುದು. ಕೇಳಲೇಬೇಕು. 1950ರ ದಶಕದಲ್ಲಿ, ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು ಪತ್ರಿಕೆಗಳಲ್ಲಿ ಬಂದು ಜನ ಬೆಚ್ಚಿಬಿದ್ದ ಹೊತ್ತಿನಲ್ಲೇ ಫಿಲ್ಟರ್ ಸಿಗರೇಟು ಮಾರುಕಟ್ಟೆಯನ್ನು ಆವರಿಸಿದ್ದು. ತೂತಿನ ಸಾಲಿನಿಂದ ಒಳನುಗ್ಗುವ ಗಾಳಿ ಹೊಗೆಯನ್ನು ತೆಳ್ಳಗೆ ಮಾಡುತ್ತದೆ, ಯಂತ್ರದ ಪರೀಕ್ಷೆಯಲ್ಲಿ ಟಾರ್ ಕಡಿಮೆ ತೋರುತ್ತದೆ. ಮನುಷ್ಯ ಯಂತ್ರವಲ್ಲ. ನಿಕೋಟಿನ್ ಸಾಲದೆ ಹೋದರೆ ಇನ್ನೂ ಆಳಕ್ಕೆ ಎಳೆಯುತ್ತಾನೆ, ಬೆರಳಿನಿಂದ ತೂತು ಮುಚ್ಚುತ್ತಾನೆ. ಹೊಗೆ ಶ್ವಾಸಕೋಶದ ತೀರಾ ಅಂಚಿನವರೆಗೂ ಇಳಿಯುತ್ತದೆ. ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿ, ಅಡಿನೊಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್ ಏರಿದ್ದರಲ್ಲಿ ಇಂಥ ಫಿಲ್ಟರಿನ ಪಾತ್ರವಿರಬಹುದೆಂದು ಬೊಟ್ಟುಮಾಡಿತು. ಅಂದರೆ ರಕ್ಷಣೆ ಎಂದು ಮಾರಿದ ವಸ್ತು ಸೇದುವವನನ್ನು ಕಾಯಲಿಲ್ಲ, ಸೇದದವರ ಬೀದಿಗೆ ಬಂದು ಬಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಕೋಪ ಬರುತ್ತದೆ, ಆ ಕೋಪ ಚಾಲಕನ ಮೇಲಿನದಲ್ಲ.

ಪೊರಕೆಯ ಸದ್ದು ಕೇಳಿಸುತ್ತಿದೆ. ಹಸಿರು ಕೋಟಿನ ಪೌರಕಾರ್ಮಿಕ ಮಹಿಳೆಯೊಬ್ಬರು ನಮ್ಮತ್ತಲೇ ಗುಡಿಸುತ್ತ ಬರುತ್ತಿದ್ದಾರೆ. ಉದ್ದ ಕೋಲಿಗೆ ಕಟ್ಟಿದ ಕಡ್ಡಿಪೊರಕೆ ಎಲೆ, ಟೀ ಕಪ್ಪು, ಟಿಕೆಟ್ ಚೂರು ಎಲ್ಲವನ್ನೂ ಒಂದೇ ಬೀಸಿಗೆ ಮುಂದೆ ತಳ್ಳುತ್ತದೆ. ಮೋಟುಗಳು ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಒದ್ದೆಯಾಗಿ ಚಪ್ಪಟೆಯಾದವು ಟೈಲ್ಸಿನ ಸಂದಿಯಲ್ಲಿ, ಚಪ್ಪಡಿಯ ಬಿರುಕಿನಲ್ಲಿ ಕೂತುಬಿಟ್ಟಿವೆ.

"ಇವು ಪೊರಕೆಗೆ ಬರಲ್ವಾ ಅಕ್ಕ?" ಎಂದು ಕೇಳಿ.

"ಎಲ್ ಬತ್ತವೆ ಸಾರ್? ಎಲೆ ಆದ್ರೆ ಒಂದೇ ಏಟ್ಗೆ ಬತ್ತದೆ. ಇವುನ್ನ ಬಗ್ಗಿ ಕೈಯಲ್ಲೇ ಕೀಳ್ಬೇಕು. ಮೇಸ್ತ್ರಿ ನೋಡುದ್ರೆ ಅಲ್ಲೇ ಐತಲ್ಲ ಅಂತಾರೆ."

ಅವರು ಬಗ್ಗುತ್ತಾರೆ. ಕೈಗವಸಿಲ್ಲದ ಬೆರಳು ಸಂದಿಯಿಂದ ಒಂದೊಂದನ್ನೇ ಕೆದರಿ ತೆಗೆಯುತ್ತದೆ. ಕೆಲವನ್ನು ಬಿಟ್ಟು ಮುಂದೆ ಹೋಗುತ್ತಾರೆ, ಮುಗಿಸಬೇಕಾದ ರಸ್ತೆ ಇನ್ನೂ ಉದ್ದವಿದೆ. ಬೀಡಿಯ ಮೋಟೂ ಇವೆ ಇಲ್ಲಿ. ತುಪ್ರಾ ಎಲೆ ಮತ್ತು ದಾರ, ಫಿಲ್ಟರಿಲ್ಲ, ಬೇಗ ಕೊಳೆಯುತ್ತದೆ. ಅದರೊಳಗೆ ಉಳಿದ ಸೊಪ್ಪಿನ ನಿಕೋಟಿನ್ ಮಾತ್ರ ಅದೇ ನಿಕೋಟಿನ್.

ಇನ್ನೊಂದನ್ನು ಇಲ್ಲೇ ನೋಡಿಬಿಡಿ. ನಿಲ್ದಾಣದ ಕಂಬಗಳ ಬುಡ ಮೊಣಕಾಲೆತ್ತರಕ್ಕೆ ಕೆಂಪಗಿದೆ. ಕೆಳಗೆ ಮಿಣಮಿಣ ಮಿನುಗುವ ಪಾಕೀಟುಗಳು, ಹಲ್ಲಿನಲ್ಲಿ ಕಚ್ಚಿ ಹರಿದ ಮೂಲೆಗಳು. ಕರ್ನಾಟಕದಲ್ಲಿ ಸೇದುವವರಿಗಿಂತ ಜಗಿಯುವವರು ಹೆಚ್ಚು. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ರಾಜ್ಯದ ವಯಸ್ಕರ ಪೈಕಿ ಶೇ 8.8 ಮಂದಿ ಸೇದುವವರು, ಶೇ 16.3 ಮಂದಿ ಹೊಗೆರಹಿತ ತಂಬಾಕು ಬಳಸುವವರು. ಗುಟ್ಕಾವನ್ನು ರಾಜ್ಯ 2013ರಲ್ಲೇ ನಿಷೇಧಿಸಿತು. ಆಮೇಲೆ ಪಾನ್ ಮಸಾಲ ಒಂದು ಪಾಕೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದವು. ಬಾಯೊಳಗೆ ಎರಡೂ ಒಂದಾದವು, ನೆಲಕ್ಕೆ ಬೀಳುವ ಪಾಕೀಟು ಒಂದಿದ್ದದ್ದು ಎರಡಾಯಿತು. ಪ್ಲಾಸ್ಟಿಕ್ ಪಾಕೀಟಿನಲ್ಲಿ ಗುಟ್ಕಾ, ತಂಬಾಕು, ಪಾನ್ ಮಸಾಲ ತುಂಬಿ ಮಾರಬಾರದೆಂದು ದೇಶದ ಪ್ಲಾಸ್ಟಿಕ್ ತ್ಯಾಜ್ಯ ನಿಯಮ 2016ರಿಂದಲೂ ಹೇಳುತ್ತಿದೆ. ರಾಷ್ಟ್ರೀಯ ಕ್ಯಾನ್ಸರ್ ತಡೆ ಮತ್ತು ಸಂಶೋಧನಾ ಸಂಸ್ಥೆ ಮತ್ತು ಜೋಧಪುರದ ಏಮ್ಸ್‌ನವರು 17 ರಾಜ್ಯಗಳಲ್ಲಿ ಸಿಗರೇಟು, ಬೀಡಿ, ಜಗಿಯುವ ತಂಬಾಕಿನ ಪ್ಯಾಕುಗಳನ್ನು ಕೊಂಡು, ಬಿಡಿಸಿ, ಕಾಗದ, ಪ್ಲಾಸ್ಟಿಕ್, ಫಾಯಿಲ್, ಫಿಲ್ಟರ್ ಎಂದು ಬೇರೆ ಬೇರೆ ತೂಗಿ ಲೆಕ್ಕ ಹಾಕಿದರು: ದೇಶದಲ್ಲಿ ವರ್ಷಕ್ಕೆ ಸುಮಾರು 1.7 ಲಕ್ಷ ಟನ್ ತಂಬಾಕು ಕಸ, ಅದರಲ್ಲಿ 73,500 ಟನ್ ಪ್ಲಾಸ್ಟಿಕ್. ಆ ಪ್ಲಾಸ್ಟಿಕ್ಕಿನ ದೊಡ್ಡ ಪಾಲು ಜಗಿಯುವ ತಂಬಾಕಿನ ಪಾಕೀಟುಗಳದ್ದು. ತಕ್ಕಡಿ ಹಿಡಿದು ಕೂತು ಮಾಡಿದ ಈ ಬಗೆಯ ಸಂಶೋಧನೆ ನನಗೆ ಬಹಳ ಇಷ್ಟ. ಎದುರು ವಾದ ಮಾಡುವವರು ತಕ್ಕಡಿಯ ಜೊತೆಗೇ ವಾದ ಮಾಡಬೇಕಾಗುತ್ತದೆ.

ಬನ್ನಿ, ಬನಶಂಕರಿ ಎರಡನೇ ಹಂತದ ಒಳಗಿನಿಂದ ನಡೆಯೋಣ. ರಂಗೋಲಿ ಇನ್ನೂ ಹಸಿಯಾಗಿದೆ. ಹೊಂಗೆಯ ಹೂವು ನೆಲದ ತುಂಬ ಉದುರಿದೆ. ಮೂಲೆಯಲ್ಲಿ ಯಾರೋ ಗುಡಿಸಿದ ಎಲೆಯ ರಾಶಿಗೆ ಬೆಂಕಿ ಇಟ್ಟಿದ್ದಾರೆ. ಹತ್ತಿರ ಹೋಗಿ ನೋಡಿದರೆ ರಾಶಿಯೊಳಗೆ ಮೋಟುಗಳೂ ಪಾಕೀಟುಗಳೂ ಸೇರಿ ಉರಿಯುತ್ತಿವೆ, ಬದಿಯಲ್ಲೇ ಶಾಲೆಯ ವ್ಯಾನಿಗೆ ಕಾಯುವ ಮಗು.

ಕೆ.ಆರ್. ರಸ್ತೆಯ ಈ ಕಡೆ, ಸಿದ್ದಣ್ಣ ಬಡಾವಣೆಯಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಇದೆ. 2005ರಲ್ಲಿ ಶುರುವಾದ ಸಂಸ್ಥೆ. ಇಲ್ಲಿನ ಡಾ. ಉಪೇಂದ್ರ ಭೋಜಾನಿ ಅವರು ಇಂಡಿಯಾ ಅಲಯನ್ಸ್ ಎಂಬ ಸಂಶೋಧನಾ ನಿಧಿಯ ಫೆಲೋಶಿಪ್ ಪಡೆದು ತಂಬಾಕು ನಿಯಂತ್ರಣದ ನೀತಿಯನ್ನು ಅಧ್ಯಯನದ ವಸ್ತುವಾಗಿ ಹಿಡಿದವರು. ಪರೀಕ್ಷಾ ನಳಿಕೆಯ ಸಂಶೋಧನೆಯಲ್ಲ ಅದು. ಒಂದು ಇಲಾಖೆ ತಂಬಾಕು ಬಿಡಿಸಲು ದುಡಿಯುವಾಗ ಇನ್ನೊಂದು ಅದೇ ಬೆಳೆಯನ್ನು ಪೋಷಿಸುವ ನಮ್ಮ ಆಡಳಿತದ ಗಂಟನ್ನು ಬಿಡಿಸಿ ನೋಡುವ ಕೆಲಸ. 2010ರಲ್ಲಿ ತಂಬಾಕು ಉದ್ಯಮದ ಜಾಗತಿಕ ಸಮಾವೇಶವೊಂದು ಬೆಂಗಳೂರಿನಲ್ಲಿ ನಡೆಯುವುದಿತ್ತು, ಅದಕ್ಕೆ ಕೇಂದ್ರದ ತಂಬಾಕು ಮಂಡಳಿಯೇ ಪ್ರಾಯೋಜಕ. ಈ ಸಂಸ್ಥೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು, ಮಂಡಳಿ ಪ್ರಾಯೋಜಕತ್ವದಿಂದ ಹಿಂದೆ ಸರಿಯಿತು. ಸಂಶೋಧನೆಯವರು ಕೋರ್ಟಿನ ಮೆಟ್ಟಿಲು ಹತ್ತಬಾರದೆನ್ನುವವರಿದ್ದಾರೆ. ಕೈಯಲ್ಲಿ ಪುರಾವೆ ಇಟ್ಟುಕೊಂಡು ಮನೆಯಲ್ಲಿ ಕೂರುವುದು ಯಾವ ವಿದ್ಯೆ ಎಂದು ನಾನು ಅವರನ್ನು ಕೇಳುತ್ತೇನೆ.

ಈ ರಸ್ತೆಗಳಲ್ಲಿ ನಡೆಯುವಾಗ ಏರಿಳಿತ ನಿಮ್ಮ ಕಾಲಿಗೆ ತಿಳಿಯುತ್ತಿರಬೇಕು. ಬೆಂಗಳೂರು ದಿಣ್ಣೆಯ ಮೇಲೆ ಕೂತ ಊರು, ಅದರ ಬೆನ್ನೆಲುಬು ಈ ಭಾಗದಲ್ಲೇ ಹಾದುಹೋಗುತ್ತದೆ. ಬನಶಂಕರಿಯ ಪಡುವಣ ಇಳಿಜಾರಿನ ಮೋರಿಗೆ ಬಿದ್ದ ಮೋಟು ವೃಷಭಾವತಿಗೆ ಸೇರುತ್ತದೆ, ಅಲ್ಲಿಂದ ಬೈರಮಂಗಲ ಕೆರೆ, ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಜಯನಗರದ ಮೂಡಣ ಇಳಿಜಾರಿನದು ಕೋರಮಂಗಲ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು, ಕೊನೆಗೆ ದಕ್ಷಿಣ ಪಿನಾಕಿನಿ. ನಮ್ಮ ನಲ್ಲಿಗೆ ಬರುವ ಕಾವೇರಿ ನೀರನ್ನು ಸಂಗಮಕ್ಕಿಂತ ಮೇಲೆಯೇ ಎತ್ತಿಕೊಳ್ಳುತ್ತೇವೆ. ಆದ್ದರಿಂದ ನಾವು ಚೆಲ್ಲಿದ್ದು ನಮ್ಮ ಲೋಟಕ್ಕೆ ಹಿಂತಿರುಗುವುದಿಲ್ಲ. ಬೈರಮಂಗಲದ ಗದ್ದೆಗೆ, ತಮಿಳುನಾಡಿನ ಕಾಲುವೆಗೆ ಹೋಗುತ್ತದೆ.

ಜಯನಗರ ನಾಲ್ಕನೇ ಬ್ಲಾಕ್. ಮಧ್ಯಾಹ್ನ ದಾಟಿದೆ. ಕಾಂಪ್ಲೆಕ್ಸಿನ ಸುತ್ತ ಜನ, ಹೂವಿನ ಮೊಳ, ಬಳೆ, ಮೊಬೈಲ್ ಕವರು. ಆಕಾಶ ದಕ್ಷಿಣದಿಂದ ಕಪ್ಪಾಗುತ್ತಿದೆ. ಪೆಟ್ಟಿಗೆ ಅಂಗಡಿಯ ಮುಂದೆ ನಾಲ್ಕೈದು ಹುಡುಗರು ವೃತ್ತವಾಗಿ ನಿಂತಿದ್ದಾರೆ, ನಡುವೆ ಒಂದೇ ಸಿಗರೇಟು ಕೈಯಿಂದ ಕೈಗೆ ತಿರುಗುತ್ತಿದೆ. ಅವರ ಕಾಲ ಬಳಿ ಮೋರಿಯ ಜಾಲರಿ. ಹಳೆಯ ಮೋಟುಗಳು ಅದರ ಕಂಬಿಗಳ ನಡುವೆ ಸಾಲಾಗಿ ತೂರಿ ನಿಂತಿವೆ. ಅಲ್ಲಿ ಹಾಕಿದರೆ ಕಸವಾಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲವಲ್ಲ ಎಂಬ ಭಾವನೆಯಿಂದಲೇ ಎಷ್ಟೋ ಜನ, ಅದೂ ಸಭ್ಯರು, ನೆಲಕ್ಕೆ ಎಸೆಯದೆ ಜಾಲರಿಯೊಳಗೆ ಬೀಳಿಸುತ್ತಾರೆ.

ಮೊದಲ ಹನಿ ದಪ್ಪಗೆ ಬಿತ್ತು. ಓಡಬೇಡಿ, ಈ ಅಂಗಡಿಯ ಸೂರಿನ ಕೆಳಗೆ ನಿಂತುಕೊಳ್ಳಿ, ಗಡಿಯಾರ ನೋಡಿಕೊಳ್ಳಿ. ಬರ್ಲಿನ್ನಿನ ಸಂಶೋಧಕರು ಮೋಟುಗಳ ಮೇಲೆ ಮಳೆ ಸುರಿದಾಗ ಏನಾಗುತ್ತದೆಂದು 2014ರಲ್ಲಿ ಅಳೆದು ಪ್ರಕಟಿಸಿದರು: ಒಟ್ಟು ಹೊರಬರುವ ನಿಕೋಟಿನ್‌ನಲ್ಲಿ ಅರ್ಧದಷ್ಟು ಮೊದಲ 27 ನಿಮಿಷದಲ್ಲೇ ಹೊರಬಂದಿತ್ತು. ಒಂದು ಮೋಟಿನ ನಿಕೋಟಿನ್ 1,000 ಲೀಟರ್ ನೀರನ್ನು ಜಲಚರಗಳಿಗೆ ಸುರಕ್ಷಿತವಾದ ಮಟ್ಟ ಮೀರಿ ಕೆಡಿಸಬಲ್ಲದೆಂಬುದು ಅವರ ಲೆಕ್ಕ. ಬೆಂಗಳೂರಿನ ಮಳೆ ಇಪ್ಪತ್ತೇಳು ನಿಮಿಷ ಸುರಿಯುವುದು ಅಪರೂಪವೇನಲ್ಲ. ಕಸ ಬಳಿಯುವ ಕಾರ್ಯಕ್ರಮ ನಾಳೆ ಇಟ್ಟುಕೊಂಡರೆ ನಾಳೆ ಸಿಗುವುದು ಹಿಂಡಿ ಉಳಿದ ಪ್ಲಾಸ್ಟಿಕ್. ವಿಷ ಇಗೋ, ಈಗಲೇ, ನಿಮ್ಮ ಚಪ್ಪಲಿಯ ಪಕ್ಕದಿಂದ ಹೋಗುತ್ತಿದೆ. ಜಾಲರಿಯಲ್ಲಿ ಸಿಕ್ಕಿದ್ದ ಮೋಟುಗಳು ಒಂದೊಂದಾಗಿ ಅಲುಗುತ್ತವೆ, ತೇಲುತ್ತವೆ, ಸುಳಿಯಲ್ಲಿ ತಿರುಗಿ ಮಾಯವಾಗುತ್ತವೆ. ಹುಡುಗರು ನಗುತ್ತ ಚದುರುತ್ತಾರೆ. ಅವರಲ್ಲೊಬ್ಬ ಹೋಗುವ ಮುನ್ನ ಕೈಯಲ್ಲಿದ್ದದ್ದನ್ನು ಅದೇ ನೀರಿಗೆ ಬಿಟ್ಟ.

ಮಳೆ ನಿಂತ ಮೇಲೆ ಆರ್.ವಿ. ರಸ್ತೆಯಿಂದ ಹಳದಿ ಮಾರ್ಗದ ಮೆಟ್ರೊ ಹಿಡಿಯೋಣ. ರಾಗಿಗುಡ್ಡ ದಾಟಿದರೆ ಜಯದೇವ. ಕಿಟಕಿಯಿಂದ ಹೃದ್ರೋಗ ಆಸ್ಪತ್ರೆಯ ಕಟ್ಟಡ ಕಾಣುತ್ತದೆ. ನಲವತ್ತು ದಾಟದವರ ಹೃದಯಾಘಾತಗಳ ಮೇಲೆ ಅಲ್ಲಿನ ವೈದ್ಯರು ನಡೆಸುತ್ತ ಬಂದ ಅಧ್ಯಯನದಲ್ಲಿ ಧೂಮಪಾನ ಮುಖ್ಯ ಕಾರಣಗಳ ಸಾಲಿನಲ್ಲೇ ನಿಂತಿದೆ. ಮುಂದಿನದು ಬಿಟಿಎಂ ಬಡಾವಣೆ.

ಮಡಿವಾಳ ಕೆರೆಯ ಏರಿ. ಮಳೆಯ ನೀರು ಇಳಿದುಬರುವ ಬಾಯಿಯ ಹತ್ತಿರ ನಿಲ್ಲಿ. ದೂರದಲ್ಲಿ ಹೆಜ್ಜಾರ್ಲೆಗಳು ದಿಬ್ಬದ ಮರದ ಮೇಲೆ ರೆಕ್ಕೆ ಒಣಗಿಸುತ್ತಿವೆ. ಹತ್ತಿರದಲ್ಲಿ, ಜೊಂಡಿನ ಬುಡಕ್ಕೆ ತೇಲಿಬಂದು ನಿಂತ ತ್ಯಾಜ್ಯ: ಥರ್ಮಕೋಲು, ಬಾಟಲಿ, ಪಾಕೀಟು. ಇವುಗಳ ನಡುವೆ ಮೋಟನ್ನು ಹುಡುಕಿ. ಮೊದಲು ಕಾಣುವುದಿಲ್ಲ, ಒಂದು ಕಂಡಮೇಲೆ ಬೇರೆ ಏನೂ ಕಾಣುವುದಿಲ್ಲ. 2011ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಸ್ಟೇಟ್ ವಿಶ್ವವಿದ್ಯಾಲಯದವರು ಸೇದಿದ ಮೋಟುಗಳನ್ನು ನೀರಲ್ಲಿ ನೆನೆಹಾಕಿ, ಆ ನೀರಿಗೆ ಎರಡು ಜಾತಿಯ ಮೀನು ಬಿಟ್ಟು ನೋಡಿದರು. ಒಂದು ಲೀಟರಿಗೆ ಹೆಚ್ಚುಕಡಿಮೆ ಒಂದು ಮೋಟು. ನಾಲ್ಕು ದಿನದಲ್ಲಿ ಅರ್ಧದಷ್ಟು ಮೀನು ಸತ್ತಿದ್ದವು. ಸೊಪ್ಪಿನ ಚೂರೂ ಇಲ್ಲದ ಬರಿಯ ಫಿಲ್ಟರ್ ನೆನೆಸಿದಾಗಲೂ ಮೀನು ಸತ್ತವು, ಅದಕ್ಕೆ ಮೋಟುಗಳ ಸಂಖ್ಯೆ ಇನ್ನಷ್ಟು ಬೇಕಾಯಿತು ಅಷ್ಟೆ. ಕೆರೆಯಲ್ಲಿ ಲೀಟರಿಗೊಂದು ಮೋಟು ಇರುವುದಿಲ್ಲ, ಸರಿ. ಆದರೆ ಇಲ್ಲಿ, ಈ ಬಾಯಿಯಲ್ಲಿ, ಮೊದಲ ಮಳೆಯ ಮೊದಲ ಗಂಟೆಯಲ್ಲಿ ನೀರು ತೆಳ್ಳಗಿರುತ್ತದೆ, ಮೋಟು ದಟ್ಟವಾಗಿರುತ್ತವೆ. ಮೀನಿನ ಮರಿಗಳು ಇರುವುದೂ ಇಂಥ ಅಂಚಿನಲ್ಲೇ.

ಇಂಗ್ಲೆಂಡಿನಲ್ಲಿ ಇನ್ನೊಂದು ಗುಂಪು ಗಿಡದ ಕಡೆ ನೋಡಿತು. ಮಣ್ಣಿನಲ್ಲಿ ಮೋಟು ಬಿದ್ದ ಕಡೆ ಕ್ಲೋವರ್ ಬೀಜಗಳ ಮೊಳಕೆ ಶೇ 27ರಷ್ಟು ಕಡಿಮೆಯಾಗಿತ್ತೆಂದು 2019ರಲ್ಲಿ ಬರೆದರು. ಸೇದದ ಹೊಸ ಸಿಗರೇಟಿನ ಫಿಲ್ಟರಿಟ್ಟಾಗಲೂ ಹೆಚ್ಚು ವ್ಯತ್ಯಾಸವಾಗಲಿಲ್ಲ, ಪ್ಲಾಸ್ಟಿಕ್ಕೇ ಸಾಕಾಗಿತ್ತು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4.5 ಲಕ್ಷ ಕೋಟಿ ಮೋಟು ಹೊರಗೆ ಬೀಳುತ್ತವೆಂಬ ಅಂದಾಜನ್ನು ವಿಶ್ವ ಆರೋಗ್ಯ ಸಂಸ್ಥೆ ಬಳಸುತ್ತದೆ. ಅಷ್ಟು ದೊಡ್ಡ ಸಂಖ್ಯೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಜೊಂಡಿನ ಬುಡದಲ್ಲಿ ನಿಮ್ಮ ಕಣ್ಣೆದುರು ಇರುವುದು ನಿಲ್ಲುತ್ತದೆ.

ಸಂಜೆಯಾಯಿತು. ಬಿಟಿಎಂ ಎರಡನೇ ಹಂತದ ಒಂದು ಪಿ.ಜಿ.ಯ ಮೂರನೇ ಮಹಡಿಗೆ ಬನ್ನಿ. ಪರಿಚಯದ ಹುಡುಗನೊಬ್ಬ ಇಲ್ಲಿದ್ದಾನೆ, ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ, ಪಿರಿಯಾಪಟ್ಟಣದ ಕಡೆಯವನು. ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ, ಎದುರು ಕೈಗೆಟಕುವಷ್ಟು ಹತ್ತಿರದಲ್ಲಿ ಇನ್ನೊಂದು ಪಿ.ಜಿ. ಮೂಲೆಯಲ್ಲಿ ಎರಡು ಲೀಟರಿನ ತಂಪು ಪಾನೀಯದ ಬಾಟಲಿ. ಅರ್ಧ ನೀರು, ನೀರಿನ ತುಂಬ ಮೋಟು. ಬೆಂಕಿ ಆರಲೆಂದು ನೀರು ಹಾಕಿಟ್ಟಿದ್ದಾರೆ. ಬಾಟಲಿಯನ್ನು ಎತ್ತಿ ಬಲ್ಬಿಗೆ ಹಿಡಿಯಿರಿ. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಮೋಟುಗಳು ಉಬ್ಬಿ, ಕಾಗದ ಬಿಟ್ಟು, ಬಿಳಿ ಎಳೆಗಳು ನೀರಿನಲ್ಲಿ ಅಡ್ಡಾಡುತ್ತಿವೆ. ಮುಚ್ಚಳ ತೆಗೆದು ಮೂಸಬೇಡಿ, ತಲೆ ಹಿಡಿಯುತ್ತದೆ. ಪ್ರಯೋಗಶಾಲೆಯವರು ಅಳೆದು ಸುರಿದು ಗಂಟೆಗಟ್ಟಲೆ ಕಾದು ತಯಾರಿಸುವ ಸಾರವನ್ನು ಈ ಊರಿನ ಎಷ್ಟೋ ಬಾಲ್ಕನಿಗಳು ತಾವಾಗಿ ತಯಾರಿಸುತ್ತಿವೆ.

"ಇದು ತುಂಬಿದ್ ಮೇಲೆ ಏನ್ಮಾಡ್ತೀಯಪ್ಪ?"

"ಬಾತ್‌ರೂಮಿಗೆ ಸುರ್ದ್‌ಬುಡದು ಸಾರ್, ಇನ್ನೇನ್ ಮಾಡದು." ಅವನು ಸಂಕೋಚದಿಂದ ನಗುತ್ತಾನೆ. ಆಮೇಲೆ, ಕೇಳದೆಯೇ, "ನಮ್ಮನೇಲೂ ಸೊಪ್ಪೇ ಬೆಳೆಯೋದು. ಎಲ್ಡು ಬ್ಯಾರನ್ ಅವೆ" ಎನ್ನುತ್ತಾನೆ.

ಕೂತುಕೊಳ್ಳಿ, ಇದನ್ನು ಅವನ ಬಾಯಲ್ಲೇ ಕೇಳಬೇಕು. ಮುಂಗಾರು ಶುರುವಾಗುತ್ತಲೇ ಸಸಿ ನಾಟಿ. ಆಗಸ್ಟ್ ಹೊತ್ತಿಗೆ ಕೆಳಗಿನ ಎಲೆ ಬಲಿತು ತಿಳಿಯಾಗುತ್ತದೆ, ಗಿಡಕ್ಕೆ ಎರಡು ಮೂರರಂತೆ ಸೊಪ್ಪು ಮುರಿಯಬೇಕು. "ಮಂಜು ಬಿದ್ದಿದ್ ಸೊಪ್ಪು ಮುರುದ್ರೆ ಕೈಯೆಲ್ಲ ಅಂಟು ಸಾರ್. ನಮ್ಮವ್ವುಂಗೆ ಮಧ್ಯಾನದೊತ್ಗೆ ತಲೆ ಸುತ್ತು, ವಾಂತಿ. ಬಿಸ್ಲಿಗೆ ಅಂತ ಅನ್ಕೊಂಡಿದ್ವಿ." ಬಿಸಿಲಲ್ಲ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ, ವೈದ್ಯಶಾಸ್ತ್ರದಲ್ಲಿ ಅದಕ್ಕೆ ಹಸಿ ತಂಬಾಕಿನ ಕಾಯಿಲೆ ಎಂದೇ ಹೆಸರು. ಒಂದು ಸಿಗರೇಟೂ ಸೇದದ ತಾಯಿಯ ಮೈಯಲ್ಲಿ ನಿಕೋಟಿನ್. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಎಂಬ ಹದಮಾಡುವ ಮನೆಯೊಳಗೆ ಏರಿಸಿ, ಒಲೆಗೆ ಬೆಂಕಿ ಇಟ್ಟರೆ ಐದಾರು ದಿನ ಹಗಲೂ ರಾತ್ರಿ ಆರುವಂತಿಲ್ಲ. ಮೊದಲು ಹದವಾದ ಶಾಖ, ಎಲೆ ಹಳದಿಯಾದ ಮೇಲೆ ಏರಿಸುತ್ತ ಏರಿಸುತ್ತ 70 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ. ಅಪ್ಪ ಒಲೆಯ ಮುಂದೆಯೇ ಮಲಗುತ್ತಿದ್ದರಂತೆ, ನಡುರಾತ್ರಿ ಎದ್ದು ಸೌದೆ ಒಡ್ಡಲು. ಒಂದು ಕಿಲೋ ಹದವಾದ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಬೇಕು. "ಮೊದ್ಲು ನಮ್ಮೂರ್ ಸುತ್ತ ಹುಣ್ಸೆ ಮರ ಸುಮಾರ್ ಇದ್ವು ಸಾರ್. ಈಗ ಸೌದೆ ಲಾರೀಲಿ ಬತ್ತದೆ."

ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ 31ರಂದು ಹೊರತಂದ ವರದಿ ಇದನ್ನೇ ಭೂಗೋಳದ ಅಳತೆಯಲ್ಲಿ ಹೇಳಿತು: ತಂಬಾಕಿಗಾಗಿ ವರ್ಷಕ್ಕೆ 60 ಕೋಟಿ ಮರ, 2 ಲಕ್ಷ ಹೆಕ್ಟೇರ್ ನೆಲ, 2,200 ಕೋಟಿ ಟನ್ ನೀರು, ಗಾಳಿಗೆ 8.4 ಕೋಟಿ ಟನ್ ಇಂಗಾಲದ ಡೈಆಕ್ಸೈಡ್. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ರಾಮನಾಥಪುರದ ರೈತರು ಈ ಅಂಕಿಯ ಒಳಗಿದ್ದಾರೆ. ಅವರನ್ನು ದೂರುವುದು ಸುಲಭ, ತಪ್ಪು ಕೂಡ. ಹರಾಜು ಕಟ್ಟೆ, ಲೈಸೆನ್ಸು, ಬ್ಯಾಂಕ್ ಸಾಲ ಎಲ್ಲವೂ ಸಿದ್ಧವಿರುವ ಬೆಳೆ ಇದು. ಬದಲಿ ಬೆಳೆ ಬೆಳೆಯಿರಿ ಎನ್ನುವವರು ಅಂಥದ್ದೇ ಹರಾಜು ಕಟ್ಟೆಯನ್ನು ಆ ಬದಲಿ ಬೆಳೆಗೂ ಕಟ್ಟಿಕೊಟ್ಟು ಮಾತಾಡಬೇಕು.

"ಹಂಗಾದ್ರೆ ಇದುನ್ನ ಎಲ್ಲಿಗ್ ಹಾಕ್ಬೇಕು ಸಾರ್?" ಬಾಟಲಿ ಇನ್ನೂ ಅವನ ಕೈಯಲ್ಲಿದೆ.

ಉತ್ತರ ಕೊಡಿ ನೋಡೋಣ. ಹಸಿ ಕಸಕ್ಕೆ ಹಾಕಿದರೆ ಗೊಬ್ಬರಕ್ಕೆ ವಿಷ. ಒಣ ಕಸಕ್ಕೆ ಹಾಕಿದರೆ, ಒಣತ್ಯಾಜ್ಯ ಕೇಂದ್ರದಲ್ಲಿ ಕೂತು ಆರಿಸುವ ಹೆಂಗಸರು ಅದನ್ನು ಬದಿಗೆ ತಳ್ಳುತ್ತಾರೆ, ಅದಕ್ಕೆ ಗುಜರಿಯ ಬೆಲೆಯಿಲ್ಲ. ಉಳಿದದ್ದು ರಿಜೆಕ್ಟ್ ಕಸದ ಕೆಂಪು ಬುಟ್ಟಿ, ಅಲ್ಲಿಂದ ಊರಾಚೆಯ ಗುಂಡಿ. ಉತ್ತರ ಭಾರತದಲ್ಲಿ ಮೋಟುಗಳನ್ನು ತೊಳೆದು ಬೊಂಬೆಯೊಳಗೆ ತುಂಬುವವರಿದ್ದಾರೆ; ಎಳೆ ತೊಳೆದ ನೀರು ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಹಾಗೇ ಇರುತ್ತದೆ. ಮೋಟಿನ ವಿಲೇವಾರಿಗೆ ಮಾರ್ಗಸೂಚಿ ಮಾಡಿ ಎಂದು ಹಸಿರು ನ್ಯಾಯಮಂಡಳಿ 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸೂಚಿಸಿತ್ತು. 2022ರ ಜುಲೈ 1ರಿಂದ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ಕುಗಳ ಪಟ್ಟಿಯಲ್ಲಿ ಸಿಗರೇಟು ಪ್ಯಾಕಿನ ಹೊರಸುತ್ತಿನ ಹಾಳೆ ಇದೆ, ಒಳಗಿನ ಸಿಗರೇಟಿನ ತುದಿಯ ಪ್ಲಾಸ್ಟಿಕ್ ಇಲ್ಲ. ಯುರೋಪಿನ ಒಕ್ಕೂಟ 2019ರ ತನ್ನ ಕಾನೂನಿನಲ್ಲಿ ಫಿಲ್ಟರನ್ನು ಹೆಸರಿಟ್ಟು ಸೇರಿಸಿತು: ಬೀದಿಯಿಂದ ಮೋಟು ಗುಡಿಸುವ ಖರ್ಚನ್ನು ತಯಾರಕರೇ ತೆರಬೇಕು. ಬೆಲ್ಜಿಯಂನ ಆರೋಗ್ಯ ಮಂಡಳಿ 2023ರಲ್ಲಿ ಫಿಲ್ಟರನ್ನೇ ನಿಷೇಧಿಸಿ ಎಂದಿತು. ನನಗೆ ಬೆಲ್ಜಿಯಂನವರದ್ದೇ ಸರಿ ಅನ್ನಿಸುತ್ತದೆ. ಯಾರನ್ನೂ ಕಾಯದ ವಸ್ತುವಿಗೆ ಒಳ್ಳೆಯ ಕಸದ ಬುಟ್ಟಿ ಹುಡುಕುವುದರಲ್ಲಿ ಅರ್ಥವಿಲ್ಲ. ಅದು ತಯಾರಾಗುವುದು ನಿಲ್ಲುವವರೆಗೆ, ಗುಡಿಸಿದ ಕೂಲಿ, ಕೈಗವಸು, ಮೋರಿಯ ಬಲೆ, ಇವುಗಳ ಬಿಲ್ಲು ಮಾರಿದವರ ಹೆಸರಿಗೆ ಹೋಗಬೇಕು. ಬೆಳಿಗ್ಗೆ ಬಗ್ಗಿ ಕೆದರಿದ ಆ ಅಕ್ಕನ ಬೆನ್ನಿನ ಮೇಲಲ್ಲ.

ಹುಡುಗ ಕೇಳಿಸಿಕೊಳ್ಳುತ್ತಾನೆ. ಬಾಟಲಿಯನ್ನು ಮೆಲ್ಲಗೆ ನೆಲಕ್ಕಿಟ್ಟು, ಲುಂಗಿಗೆ ಕೈ ಒರೆಸಿಕೊಂಡು ಹೇಳುತ್ತಾನೆ: "ಬುಡಬೇಕು ಅಂತ ಎಲ್ಡ್ ಸತಿ ನೋಡ್ದೆ ಸಾರ್. ಮೂರ್ನೇ ದಿನಕ್ಕೆ ತಲೆ ಕೆಟ್ಟೋಯ್ತದೆ."

ಅವನ ಮೇಜಿನ ಮೇಲೆ ಒಂದು ಪ್ಯಾಕಿದೆ, ಈ ಸಲ ಪೂರ್ತಿ ಪ್ಯಾಕು. ತಿರುಗಿಸಿ. ಹುಣ್ಣಿನ ಚಿತ್ರದ ಕೆಳಗೆ ಒಂದು ಸಂಖ್ಯೆ ಅಚ್ಚಾಗಿದೆ: 1800-11-2356. ಇಲ್ಲಿಂದ ಆಟೊದಲ್ಲಿ ಸ್ವಲ್ಪವೇ ದೂರದ ನಿಮ್ಹಾನ್ಸ್‌ನಲ್ಲಿ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ನೆರೆಯಲ್ಲೇ, ಈ ಸಹಾಯವಾಣಿಯ ದಕ್ಷಿಣದ ಕೇಂದ್ರವಿದೆ. ಕನ್ನಡದಲ್ಲಿ ಮಾತಾಡುತ್ತಾರೆ. ಮೂರನೇ ದಿನ ಯಾಕೆ ತಲೆ ಕೆಡುತ್ತದೆ, ಆಗ ಏನು ಮಾಡಬೇಕು ಎಂಬುದೇ ಅವರ ದಿನನಿತ್ಯದ ಕೆಲಸ; ಬಿಡುವ ದಿನ ಗೊತ್ತುಮಾಡಿಸಿ, ಆಮೇಲೆ ತಾವಾಗಿ ತಿರುಗಿ ಕರೆ ಮಾಡಿ ವಿಚಾರಿಸಿಕೊಳ್ಳುತ್ತಾರೆ. ಕರೆಗೆ ಕಾಸಿಲ್ಲ. ಸೋಮವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು.

"ಈಗ್ಲೂ ಇರ್ತಾರಾ ಸಾರ್?"

ಶನಿವಾರ, ಏಳೂ ಇಪ್ಪತ್ತು. ಇರುತ್ತಾರೆ ಎಂದು ಹೇಳಿ, ಫೋನನ್ನು ಅವನ ಕೈಗೆ ಕೊಡಿ.